ಬಿಳಿ ಹಿನ್ನೆಲೆ

ಫರ್ವಾನಿಯಾದ ಹಳೇ ಅಂಗಡಿಸಾಲಿನಲ್ಲಿ
ದರ್ಜಿಗೂ ಮೊಬೈಲಿನವನಿಗೂ ನಡುವೆ
ಹತ್ತಡಿ ಅಗಲದ ನನ್ನ ಸ್ಟುಡಿಯೋ.
ಮದುವೆ ಫೋಟೋ ಅಂತ ಈಗ ಯಾರೂ ಬರುವುದಿಲ್ಲ,
ಬರುವವರೆಲ್ಲ ಸರಕಾರಕ್ಕೆ ಮುಖ ತೋರಿಸಬೇಕಾದವರು.

ಮೈಮೂನಕ್ಕ ಬಂದದ್ದು ಮಗ್ರಿಬಿನ ಬಾಂಗ್ ಮುಗಿದ ಮೇಲೆ.
ಕರಿ ಅಬಾಯ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು.
ಮೂವತ್ತು ವರ್ಷ ನನ್ನೊಡನೆಯೂ ಅರಬ್ಬಿಯಲ್ಲೇ ಚೌಕಾಸಿ ಮಾಡಿದವರು
ಇವತ್ತು ಬಾಗಿಲಲ್ಲೇ,
"ಹ್ವಾಯ್ ಶೀನಣ್ಣ, ಇಂಡಿಯಾದ್ ಅಳತಿ ಫೋಟೊ ಒಂದ್ ತೆಗಿನಿ."

ಗಂಗೊಳ್ಳಿಯಲ್ಲಿ ಅವರದು ಬಂದರಿನ ಹಿಂದಿನ ಕೇರಿ,
ನಮ್ಮದು ಬಲೆ ಒಣಗಿಸುವ ಬಯಲಿನಾಚೆ.
ಅಲ್ಲಿ ಮಾತಾಡಿದ್ದೇ ಇಲ್ಲ.
ನರ್ಸಾಗಿ ಬಂದವರು, ವಾರ್ಡಿನಲ್ಲಿ ಮಲಗಿದ್ದ ಮುದುಕಿಯ ಮಗನನ್ನು ಕಟ್ಟಿಕೊಂಡು
ಇಲ್ಲಿಯವರಾದರು.
ಆಗಲೂ ಫೋಟೋ ನಾನೇ ತೆಗೆದದ್ದು.
ರಾಯಭಾರ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕತ್ತರಿ ಹಿಡಿದು
ಹಳೆ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿದನಂತೆ,
ಬಂಗುಡೆಯ ಬಾಲ ತೆಗೆದಷ್ಟು ಸಲೀಸಾಗಿ.
ಹೊಸತರ ಮೇಲೆ ಗಿಡುಗ, ಗಿಡುಗನ ರೆಕ್ಕೆಯೊಳಗೆ ಹಾಯಿಹಡಗು.
"ಕಾಣಿ, ನಮ್ ಹೆಂಚ್ ತಂದದ್ದ್ ಇದೇ ಹಡ್ಗ್ ಆಯ್ಕ್" ಎಂದು
ಬೆರಳಲ್ಲಿ ಚಿನ್ನದ ಅಚ್ಚು ಸವರಿದ್ದರು.
ಇದೂ ನೀಲಿ, ಅದೂ ನೀಲಿ.

ಕಳೆದ ಚಳಿಗಾಲದಲ್ಲಿ ಒಂದು ದಿನ
ಜಮಿಯಾದಲ್ಲಿ ಹಾಲು, ಖುಬೂಸ್, ಮೊಟ್ಟೆ ಇಟ್ಟು ಕಾರ್ಡು ತೂರಿದರೆ
ಯಂತ್ರ ಒಲ್ಲೆ ಎಂದಿತು.
ಮತ್ತೊಮ್ಮೆ.
ಹಿಂದೆ ನಿಂತವನು ಕೆಮ್ಮಿದ.
ಮೊಟ್ಟೆಯನ್ನಷ್ಟೇ ವಾಪಸು ಇಟ್ಟು ಚಿಲ್ಲರೆ ಎಣಿಸಿ ಮನೆಗೆ ಬಂದರೆ
ಮಗ ಬದರ್ ಮೊಬೈಲಿನಲ್ಲಿ ಗೆಜೆಟ್ಟು ಹಿಡಿದು ನಿಂತಿದ್ದ.
ನೂರಾ ಹದಿನೇಳನೆಯ ಸಾಲಿನಲ್ಲಿ ಉಮ್ಮ.
ಕಾರಣದ ಕಾಲಮ್ಮಿನಲ್ಲಿ ಒಂದು ಕಲಮು.

ಗಂಡನ ಗೋರಿ ಇದ್ದಲ್ಲೇ ಇದೆ, ಸುಲೈಬಿಖಾತಿನಲ್ಲಿ.
ಕುಕ್ಕರು ಅದೇ ಒಲೆಯ ಮೇಲೆ ಅದೇ ಸಿಳ್ಳೆ.
ಮಕ್ಕಳು ಈ ದೇಶದವರು.

ಅರ್ಜಿ ಬಿಡಿಸಿ ಕೇಳಿದರು:
"ಹಿಂದಿನ ದೇಶ ಅಂತ ಇತ್ತಲ್ಲ ಇಲ್ಲಿ,
ನಾ ಬಿಟ್ಟದ್ದ್ ಬರೂದಾ, ನನ್ನ ಬಿಟ್ಟದ್ದ್ ಬರೂದಾ?"
ನಾನು ಲೈಟು ಸರಿಮಾಡುತ್ತಿದ್ದೆ.
ಗುರುತಿನ ಕಲೆ: ಎಡಹುಬ್ಬಿನ ಮೇಲೆ,
ಏಳು ವರ್ಷದವರಿದ್ದಾಗ ಹೊಳೆದಂಡೆಯಲ್ಲಿ ಮಳಿಚಿಪ್ಪು ಕೊಯ್ದದ್ದು.
ಎರಡು ಸರಕಾರಗಳೂ ತಕರಾರಿಲ್ಲದೆ ಒಪ್ಪಿಕೊಂಡದ್ದು ಅದೊಂದನ್ನೇ.

ನನ್ನ ಬಿಳಿ ಪರದೆ ಹದಿನೆಂಟು ವರ್ಷದ್ದು.
ನೇಪಾಳದವನು, ಮಿಸ್ರಿಯವನು, ಫಿಲಿಪಿನೋ ಹುಡುಗಿ,
ಎಲ್ಲರ ಬೆನ್ನ ಹಿಂದೆಯೂ ಇದೇ ಅರಿವೆ.
ಗೋಡೆಯಿಂದ ಒಂದು ಮೊಳ ಮುಂದೆ ಬನ್ನಿ ಅಕ್ಕ,
ನೆರಳು ಬಿದ್ದರೆ ತಿರಸ್ಕರಿಸುತ್ತಾರೆ.
ಗಲ್ಲ ಸ್ವಲ್ಪ ಮೇಲೆ.
ನಗಬಾರದು.
"ನಗು ಬಪ್ಪುದೂ ಇಲ್ಲ" ಎಂದರು.
ಆದರೂ ಕಿವಿಯ ಹಿಂದೆ ಒಂದು ತೆಳು ನೆರಳು ಉಳಿಯಿತು.
ಕಂಪ್ಯೂಟರಿನಲ್ಲಿ ಅದನ್ನು ಒರೆಸಿದೆ.
ನೆರಿಗೆ ಮುಟ್ಟಲಿಲ್ಲ, ಮುಟ್ಟುವಂತಿಲ್ಲ.

ಹನ್ನೊಂದು ತಿಂಗಳು.
ಊರ ಶಾಲೆಯ ದಾಖಲೆಯಲ್ಲಿ ಗೆದ್ದಲು,
ಪಂಚಾಯಿತಿಯಲ್ಲಿ ಸಹಿ ಮಾಡುವವರು ರಜೆ,
ಅಣ್ಣನ ಮಗ ಕುಂದಾಪುರಕ್ಕೂ ಉಡುಪಿಗೂ ಬಸ್ಸು ಹತ್ತಿಳಿದು
ಕೊನೆಗೆ ಬಂತು.
ಹುಟ್ಟಿದ ಊರು ಗಂಗೊಳಿ, ಒತ್ತಕ್ಷರ ಎಲ್ಲೋ ಬಿದ್ದುಹೋಗಿದೆ.

ತೋರಿಸಲೆಂದೇ ಬಂದರು. ಸಿವಿಲ್ ಐಡಿಯನ್ನೂ ತಿರುಗಿಸಿ ಹಿಡಿದರು:
ಕಫೀಲನ ಜಾಗದಲ್ಲಿ ಬದರ್‌ನ ಹೆಸರು.
"ಹೆತ್ತದ್ದ್ ನಾನ್, ಹೊಣೆ ಅವ.
ವರ್ಷ ವರ್ಷ ಅವ್ನೇ ರಿನ್ಯೂ ಮಾಡ್ಕ್.
ನಾ ಎಲ್ಲಾದ್ರೂ ಓಡಿಹೋದ್ರೆ, ಶೀನಣ್ಣ,
ಪೊಲೀಸಿಗೆ ದೂರು ಕೊಡೂದೂ ಅವ್ನೇ!"

ನಕ್ಕರು ನೋಡಿ.
ಹಲ್ಲು, ಒಸಡು, ಹುಬ್ಬಿನ ಕಲೆ ಎಲ್ಲ ಸೇರಿಸಿ
ಗೋಡೆ ತುಂಬ ನೆರಳು ಬೀಳಿಸಿಕೊಂಡು.
ಕ್ಯಾಮರಾ ಚಾರ್ಜಿಗೆ ಇಟ್ಟಿದ್ದೆ.